ಬಸರಿ ಮರದ ಗಂಟು

ಸೊರಟೂರಿನ ಫಕ್ಕೀರವ್ವನಿಗೆ ಎತ್ತರವೆಂದರೆ ಭಯ. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ತರಲು ಹೋದರೂ ಅಂಚಿನಿಂದ ಎರಡು ಮಾರು ಈಚೆಗೇ ನಿಂತು, ಉದ್ದನೆಯ ಕೋಲಿನಿಂದ ಕಾಯಿಗಳನ್ನು ತನ್ನತ್ತ ಗೋರಿಕೊಳ್ಳುತ್ತಾಳೆ. ಅಂಥವಳು ಗದಗ-ಬೆಟಗೇರಿಯ ಗುಡ್ಡ ಏರುವವರ ಬಳಗದಲ್ಲಿ ಐದು ವರ್ಷಗಳಿಂದ ಹಗ್ಗ ಕಟ್ಟುವ ಕೆಲಸ ಮಾಡುತ್ತಿದ್ದಾಳೆಂದರೆ ಊರಿನವರಿಗೆ ನಗು. ‘ಗುಡ್ಡದ ಮ್ಯಾಲೆ ಕಣ್ಣು ಮುಚ್ಕೊಂಡ ಕಟ್ತೀಯೇನಬೇ?’ ಎಂದು ಓಣಿಯವರು ಕೇಳಿದರೆ, ‘ಗಂಟಿಗೆ ಕಣ್ಣ ಬೇಕಾಗಿಲ್ಲೋ, ಕೈ ಸಾಕು’ ಎನ್ನುತ್ತಿದ್ದಳು.

ಮೊದಲು ಅವಳು ಆ ಬಳಗಕ್ಕೆ ಬಂದದ್ದು ರೊಟ್ಟಿ ಬಡಿಯಲು. ತಿಂಗಳಿಗೊಂದು ಭಾನುವಾರ ಮೂವತ್ತು ಜನ ಕಪ್ಪತಗುಡ್ಡಕ್ಕೋ ಶಿರಹಟ್ಟಿ ಕಡೆಯ ಕಲ್ಲುಗುಡ್ಡಗಳಿಗೋ ಹೊರಡುತ್ತಿದ್ದರು. ಅಂಗಡಿಕಾರರು, ನೇಕಾರರು, ಮಾಸ್ತರರು, ಕಾಲೇಜಿನ ಹುಡುಗ ಹುಡುಗಿಯರು ಎಲ್ಲರೂ ಅದರಲ್ಲಿದ್ದರು. ನಡೆದು ದಣಿದವರಿಗೆ ಮಧ್ಯಾಹ್ನ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬೇಕು. ಒಮ್ಮೆ ಮುಂಡರಗಿ ಕಡೆಗೆ ಹೋಗುವಾಗ ಟೆಂಪೋದ ಮೇಲೆ ಕಟ್ಟಿದ್ದ ಗಂಟುಮೂಟೆ ಮೂರು ಸಲ ಕೆಳಗೆ ಬಿತ್ತು. ನಾಲ್ಕನೆಯ ಸಲ ಫಕ್ಕೀರವ್ವ ತಾನೇ ಹಗ್ಗ ಹಿಡಿದು ಬಿಗಿದಳು. ಮನೆ ಮುಟ್ಟುವವರೆಗೂ ಒಂದು ಚೀಲವೂ ಅಲುಗಲಿಲ್ಲ. ಬಳಗದ ಮುಖ್ಯಸ್ಥ ವೀರು ಹೈಸ್ಕೂಲಿನಲ್ಲಿ ಆಟದ ಮಾಸ್ತರ. ಅವನು ಅದನ್ನು ನೋಡಿದ. ಮುಂದಿನ ತಿಂಗಳಿನಿಂದ ಬಂಡೆ ಇಳಿಯುವ ಹಗ್ಗವನ್ನು ಮರಕ್ಕೆ ಕಟ್ಟುವ ಗಂಟನ್ನು ಅವಳಿಗೆ ಕಲಿಸಿದ. ಎರಡು ಸುತ್ತು, ಎಂಟರ ಆಕಾರದ ಗಂಟು, ಅದಕ್ಕೊಂದು ಕಬ್ಬಿಣದ ಕೊಂಡಿ. ಒಂದು ವಾರ ಅವಳು ಅದನ್ನು ಮನೆಯ ಕಂಬಕ್ಕೆ ಕಟ್ಟಿ ಬಿಚ್ಚಿ ಕಲಿತಳು.

ಅವಳು ಬಂದ ಮೇಲೆ ಬಳಗಕ್ಕೆ ಇನ್ನೊಂದು ಲಾಭವೂ ಆಯಿತು. ಹೆಣ್ಣುಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡುತ್ತಿದ್ದ ಮನೆಗಳವರು, ‘ಸೊರಟೂರ ದೊಡ್ಡವ್ವ ಅದಾಳಂದ್ರ ಹೋಗ್ಲಿ ಬಿಡ್ರಿ’ ಎನ್ನತೊಡಗಿದರು. ಬೆಟಗೇರಿಯ ಸುನಿತಾ ಅಂಥ ಒಬ್ಬ ತಾಯಿ. ಗಂಡ ಕಾಳಿನ ವ್ಯಾಪಾರಿ, ಒಬ್ಬಳೇ ಮಗಳು ಶೀತಲ್. ಪ್ರತಿ ಸಲ ಟೆಂಪೋ ಹೊರಡುವ ಮುಂಚೆ ಸುನಿತಾ ಕಿಟಕಿಗೆ ಬಂದು ಫಕ್ಕೀರವ್ವನ ಕೈ ಮುಟ್ಟಿ, ‘ನಿಮ್ಮ ಕೈಯಾಗ ಕೊಟ್ಟೀನ್ರಿ’ ಎಂದು ಹೇಳಿಯೇ ಹೋಗುತ್ತಿದ್ದಳು. ಆ ಮಾತು ಫಕ್ಕೀರವ್ವನಿಗೆ ಹಿತವೂ ಆಗುತ್ತಿತ್ತು, ಭಾರವೂ ಆಗುತ್ತಿತ್ತು.

ದೀಪಾವಳಿ ಕಳೆದ ಎರಡನೆಯ ಭಾನುವಾರ. ಶಿರಹಟ್ಟಿಯಿಂದ ಆಚೆ ತೊಟ್ಟಿಲಗಲ್ಲು ಎಂಬ ಅರವತ್ತು ಅಡಿಯ ಬಂಡೆ. ಅಲ್ಲಿ ಅವರು ಯಾವಾಗಲೂ ಹಗ್ಗ ಕಟ್ಟುತ್ತಿದ್ದ, ಅಂಚಿನಿಂದ ದೂರವಿದ್ದ ದೊಡ್ಡ ಮರ ಹಿಂದಿನ ಮಳೆಗಾಲದಲ್ಲಿ ಬುಡಸಮೇತ ಬಿದ್ದಿತ್ತು. ಉಳಿದದ್ದು ಒಂದೇ ಒಂದು ಬಸರಿ ಮರ. ಅದು ಕಲ್ಲಿನ ಸೀಳಿನಲ್ಲಿ ಬೇರೂರಿ ಅಂಚಿಗೆ ಎರಡೇ ಹೆಜ್ಜೆ ದೂರದಲ್ಲಿತ್ತು. ವೀರು ಅದನ್ನು ತಳ್ಳಿ ನೋಡಿದ, ಒದ್ದು ನೋಡಿದ.

‘ಗಟ್ಟಿ ಐತ್ರಿ ದೊಡ್ಡವ್ವ. ಆನಿ ಕಟ್ಟಿದ್ರೂ ಅಲ್ಲಾಡಂಗಿಲ್ಲ.’

‘ಮರ ಗಟ್ಟಿ ಐತೋ ಮಾಸ್ತರ. ನನ್ನ ಕಾಲ ನೋಡು.’

ಅವಳು ಕೂತೇ ತೆವಳುತ್ತ ಮರದ ಹತ್ತಿರ ಹೋದಳು. ಮರದ ಬುಡಕ್ಕೆ ಕೂತರೆ ಬಲಗಡೆ ಏನೂ ಇಲ್ಲ. ನೆಲವಿಲ್ಲದ ಆ ಬಯಲಿನಲ್ಲಿ ಹದ್ದೊಂದು ಅವಳ ಕಣ್ಣಿಗಿಂತ ಕೆಳಗೆ ಹಾರುತ್ತಿತ್ತು. ಅವಳು ಮುಖವನ್ನು ತೊಗಟೆಗೆ ಒತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಹಗ್ಗವನ್ನು ಸುತ್ತಿ ಗಂಟು ಹಾಕಿದಳು. ಬೆರಳುಗಳು ತಾವಾಗಿಯೇ ಓಡಿದವು. ಇಳಿಯುವ ತುದಿಯನ್ನು ಅಂಚಿನಾಚೆ ತಳ್ಳಿ, ಗಂಟಿನಾಚೆ ಉಳಿದ ಹಗ್ಗವನ್ನು ಸಿಂಬಿ ಸುತ್ತಿ ಬುಡದಲ್ಲಿಟ್ಟಳು.

ಬಳಗದಲ್ಲೊಂದು ಪದ್ಧತಿಯಿತ್ತು. ಕಟ್ಟಿದವರ ಗಂಟನ್ನು ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಬೇಕು, ನೋಡಿದವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ವೀರು ಆಗಲೇ ಚೀಲ ಹೆಗಲಿಗೇರಿಸಿ ಕೆಳಗಿಳಿಯುವ ಹಾದಿಯಲ್ಲಿದ್ದ. ಕೆಳಗೆ ನಿಂತು ಹಗ್ಗ ಹಿಡಿಯುವವನು ಅವನೇ. ಐದು ವರ್ಷಗಳಲ್ಲಿ ಫಕ್ಕೀರವ್ವನ ಗಂಟಿನಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲ. ಇದ್ದಲ್ಲಿಂದಲೇ ಕತ್ತು ತಿರುಗಿಸಿ, ‘ವೀರು’ ಎಂದು ಕೂಗಿ ಎಲ್ಲರನ್ನೂ ಕರೆದುಕೊಂಡು ಹೊರಟುಹೋದ.

ಮೇಲೆ ಉಳಿದವರು ಮೂವರು. ಫಕ್ಕೀರವ್ವ, ಮೊದಲು ಇಳಿಯಬೇಕಾದ ಶೀತಲ್, ಅವಳ ಗೆಳತಿ ಕೌಸರ. ಕೌಸರ ಬಳಗಕ್ಕೆ ಸೇರಿ ಎರಡೇ ತಿಂಗಳು.

ಕೆಳಗಿನಿಂದ ವೀರುವಿನ ಕೂಗು ಬಂದ ಮೇಲೆ ಶೀತಲ್ ಸೊಂಟದ ಪಟ್ಟಿ ಬಿಗಿದುಕೊಂಡು, ಕೊಂಡಿಗೆ ಹಗ್ಗ ಪೋಣಿಸಿ, ಬೆನ್ನು ಬಯಲಿಗೆ ಮಾಡಿ ನಿಂತಳು. ‘ದೊಡ್ಡವ್ವ, ಒಂದ್ಸಲನಾರ ನನ್ನ ಮಾರಿ ನೋಡಬೇ. ಹಾರ ಹಾಕಿದ ಫೋಟೋಕ್ಕ ನಿಂತಂಗ ನಿಂತೀನಿ.’

‘ಅಪಶಕುನ ಮಾತಾಡಬ್ಯಾಡ. ಇಳಿ ಸುಮ್ನ.’

ಹುಡುಗಿ ನಗುತ್ತ ಹಿಂದಕ್ಕೆ ವಾಲಿದಳು. ಹೆಲ್ಮೆಟ್ಟು ಅಂಚಿನ ಕೆಳಗೆ ಮರೆಯಾಯಿತು. ಹಗ್ಗ ಬಿಗಿದು ನಿಂತಿತು. ಆಗಲೇ ಫಕ್ಕೀರವ್ವ ಕಣ್ಣು ತೆರೆದು ಗಂಟನ್ನು ನೋಡಿದಳು.

ಗಂಟಿಗೊಂದು ಕಿವಿಯಿತ್ತು.

ಬಳಗದ ಗಂಟಿಗೆ ಹೀಗೆ ಬಿಟ್ಟ ತುದಿಯ ಮಡಿಕೆ ಕಿವಿಯಂತೆ ಹೊರಗೆ ಚಾಚಿರುವುದಿಲ್ಲ. ಕಿವಿ ಇರುವುದು ಎತ್ತಿನ ಗಂಟಿಗೆ. ನಲವತ್ತು ವರ್ಷ ದಿನಕ್ಕೆ ಎರಡು ಸಲ ಎತ್ತು ಮೇವು ತಿನ್ನುವ ಗ್ವಾದಲಿಯ ಗೂಟಕ್ಕೆ ಅವಳು ಹಾಕುತ್ತಿದ್ದ ಗಂಟು ಅದು. ಎತ್ತು ಎಷ್ಟು ಜಗ್ಗಿದರೂ ಬಿಗಿಯಾಗುತ್ತದೆಯೇ ಹೊರತು ಸಡಿಲುವುದಿಲ್ಲ. ಆದರೆ ಬಣವಿಗೆ ಬೆಂಕಿ ಬಿದ್ದಾಗ, ಕೊಟ್ಟಿಗೆಯಲ್ಲಿ ಹಾವು ಬಂದಾಗ, ಮನುಷ್ಯ ಸಡಿಲಾಗಿ ಬಿಟ್ಟ ತುದಿಯನ್ನು ಒಮ್ಮೆ ಎಳೆದರೆ ಸಾಕು, ಕಿವಿ ಒಳಗೆ ಜಾರಿ ಇಡೀ ಗಂಟು ಬಿಚ್ಚಿ ಬೀಳುತ್ತದೆ. ಅದು ಹಾಗೆ ಬಿಚ್ಚಲೆಂದೇ ಇರುವ ಗಂಟು. ಹೆದರಿದ ಹೊತ್ತಿನಲ್ಲಿ ಕೈ ಮಾಸ್ತರನಿಂದ ಕಲಿತದ್ದನ್ನು ಬಿಟ್ಟು ಹುಟ್ಟಿನಿಂದ ಕಲಿತದ್ದನ್ನು ಮಾಡಿತ್ತು.

ಅವಳ ಮನಸ್ಸು ಲೆಕ್ಕ ಹಾಕಿತು. ಶೀತಲ್‌ಳ ಭಾರ ಇರುವುದು ಬಿಗಿಯುವ ಕಡೆಗೆ. ಬಿಟ್ಟ ತುದಿ ಸಿಂಬಿಯಾಗಿ ಬುಡದಲ್ಲಿ ಬಿದ್ದಿದೆ. ಅದನ್ನು ಯಾರೂ ಮುಟ್ಟದಿದ್ದರೆ ಏನೂ ಆಗುವುದಿಲ್ಲ. ಹುಡುಗಿ ನೆಲ ಮುಟ್ಟುವವರೆಗೆ ಯಾರೂ ಮುಟ್ಟಬಾರದು, ಅಷ್ಟೇ. ಕೌಸರಳಿಗೆ ಹೇಳೋಣವೆಂದು ತಿರುಗಿದಳು.

ಕೌಸರ ಆಗಲೇ ಆ ಸಿಂಬಿಯನ್ನು ಎತ್ತಿ ಕೆಳಗೆ ಎಸೆದಿದ್ದಳು.

‘ನನ್ನ ಹಗ್ಗಾನೂ ಬಿಟ್ಟೆ ದೊಡ್ಡವ್ವ. ಆಕಿ ಇಳಿಯೂದ್ರಾಗ ನಾ ರೆಡಿ ಇರತೀನಿ.’

ತೊಂಬತ್ತು ಅಡಿ ಹಗ್ಗ ಅಂಚಿನಾಚೆ ಸರಸರನೆ ಹರಿಯಿತು. ತನ್ನದೇ ಭಾರಕ್ಕೆ ಅದು ಬಿಗಿದಾಗ ಗಂಟಿನ ಕಿವಿ ಒಂದು ಬೆರಳಗಲದಷ್ಟು ಒಳಗೆ ಜಾರಿತು. ಫಕ್ಕೀರವ್ವನಿಗೆ ಇನ್ನೊಂದು ನೆನಪಾಯಿತು. ಮೇಲಿನಿಂದ ಹಗ್ಗ ಬಿದ್ದರೆ ಕೆಳಗಿನವರು ಅದನ್ನು ಹಿಡಿದು ಗಟ್ಟಿಯಾಗಿ ಜಗ್ಗಿ, ‘ಬಂತು’ ಎಂದು ಕೂಗುವುದು ಬಳಗದ ರೂಢಿ. ಕೆಳಗಿರುವ ಯಾರಿಗೂ ಇದು ಬೇರೆ ಹಗ್ಗವಲ್ಲ, ಇದೇ ಹಗ್ಗದ ಇನ್ನೊಂದು ತುದಿ ಎಂಬುದು ತಿಳಿದಿರಲಿಕ್ಕಿಲ್ಲ.

ಅವಳು ಯೋಚಿಸಲಿಲ್ಲ. ಎಡಗೈಯನ್ನು ಮೊಣಕೈವರೆಗೆ ಆ ಕಿವಿಯೊಳಗೆ ತೂರಿಸಿದಳು. ಹಟಮಾರಿ ಎತ್ತಿದ್ದರೆ ಗಂಟಿನ ಕಿವಿಯಲ್ಲಿ ಬಡಿಗೆ ಸಿಗಿಸುವುದುಂಟು. ಕಿವಿ ಜಾರಲು ಹೋದರೆ ಬಡಿಗೆಗೆ ಸಿಕ್ಕಿ ನಿಲ್ಲುತ್ತದೆ. ಈಗ ಅಲ್ಲಿ ಬಡಿಗೆ ಇರಲಿಲ್ಲ.

ಕೆಳಗಿನಿಂದ ಜಗ್ಗಿದರು. ಹಗ್ಗ ಅವಳ ತೋಳನ್ನು ಕಚ್ಚಿತು. ಬಳೆಗಳು ಪುಡಿಯಾದವು.

‘ಸಿಕ್ಕೊಂಡೈತಿ,’ ಎಂದು ಕೆಳಗಿನಿಂದ ಅಪ್ಪುವಿನ ದನಿ ಕೇಳಿತು. ಅವನು ಶೀತಲ್‌ಳ ಕಾಲೇಜಿನ ಹುಡುಗ, ಗಟ್ಟಿ ಆಳು. ‘ತಡೀರಿ, ನಾ ಜಗ್ಗಿ ಬಿಡಸ್ತೀನಿ.’

ಎರಡನೆಯ ಸಲದ ಎಳೆತಕ್ಕೆ ಫಕ್ಕೀರವ್ವನ ಭುಜ ಮರಕ್ಕೆ ಬಡಿಯಿತು. ಅವಳು ಕೂಗಬೇಕೆಂದು ಬಾಯಿ ತೆರೆದು ಮುಚ್ಚಿದಳು. ಮೇಲಿನಿಂದ ಚೀರಿದರೆ ನಡುಬಂಡೆಯಲ್ಲಿ ತೂಗುತ್ತಿರುವ ಹುಡುಗಿ ಬೆಚ್ಚಿಬೀಳುತ್ತಾಳೆ.

‘ಕೌಸರ,’ ಎಂದಳು ಮೆಲ್ಲಗೆ. ‘ಅಳಬ್ಯಾಡ, ಓಡಬ್ಯಾಡ. ಹೊಟ್ಟಿ ಮ್ಯಾಲೆ ಮಲಗಿ ಅಂಚಿಗೆ ಹೋಗು. ಅಪ್ಪುಗ ಹೇಳು, ನೀ ಈಗ ಬಿಟ್ಟ ಹಗ್ಗದಿಂದ ಕೈ ತಗೀಲಿ. ಶೀತಲ್‌ಳ ಹಗ್ಗ ಮಾಸ್ತರನ ಕೈಯಾಗ ಹಂಗ ಇರ್ಲಿ. ನಕ್ಕೋತ ಹೇಳು.’

ಕೌಸರ ಅವಳ ತೋಳನ್ನು ನೋಡಿದಳು. ಮುಖ ಬಿಳಿಚಿತು. ಆದರೂ ಮಲಗಿ ಅಂಚಿಗೆ ಸರಿದಳು.

‘ಲೇ ಅಪ್ಪು, ನನ್ನ ಹಗ್ಗ ಬಿಡು. ದೂರ ಸರಿ.’

‘ಸಿಕ್ಕೊಂಡೈತಿ ಅಂದ್ನೆಲ್ಲ. ಇನ್ನೊಮ್ಮಿ ಜಗ್ಗಿದ್ರ ಬರ್ತೈತಿ.’

‘ನಿನ್ನ ಪೈಲ್ವಾನಕಿ ತಾಲೀಮಿನಾಗ ತೋರ್ಸು. ನನ್ನ ಹಗ್ಗ ನನಗ ಬಿಡು ಅಂದೆ.’

ಕೆಳಗೆ ಯಾರೋ ನಕ್ಕರು. ತೋಳಿನ ಮೇಲಿನ ಬಿಗಿ ತುಸು ಇಳಿಯಿತು. ಫಕ್ಕೀರವ್ವ ಉಸಿರು ಬಿಡುವಷ್ಟರಲ್ಲಿ ಹಗ್ಗ ಮತ್ತೆ ಬಿಗಿಯಿತು. ಈ ಸಲ ಅದು ಎಳೆತವಲ್ಲ, ಜೋತುಬಿದ್ದ ಭಾರ.

‘ದೊಡ್ಡವ್ವ,’ ಕೌಸರ ಕತ್ತು ಹಿಂದಕ್ಕೆ ಹೊರಳಿಸಿ ಹೇಳಿದಳು, ‘ಶೀತಲ್ ತಿರಗಾಕ ಹತ್ಯಾಳ. ಆ ಹಗ್ಗಾ ಹಿಡದಾಳ.’

ಬಂಡೆ ಅಲ್ಲಿ ಒಳಕ್ಕೆ ಬಾಗಿತ್ತು. ಕಾಲಿಗೆ ಕಲ್ಲು ಸಿಗದೆ ಹುಡುಗಿ ಬುಗುರಿಯಂತೆ ಸುತ್ತಿ, ಪಕ್ಕದಲ್ಲಿ ತೂಗುತ್ತಿದ್ದುದನ್ನು ಬಾಚಿ ಹಿಡಿದಿದ್ದಳು. ಈಗ ಅವಳ ಅರ್ಧ ಭಾರ ಗಂಟು ಬಿಗಿಯುವ ಕಡೆ, ಇನ್ನರ್ಧ ಗಂಟು ಬಿಚ್ಚುವ ಕಡೆ. ನಡುವೆ ಇದ್ದದ್ದು ಫಕ್ಕೀರವ್ವನ ತೋಳು. ಬೆರಳುಗಳು ಮೊದಲು ಕೆಂಪಾಗಿ ಆಮೇಲೆ ನೀಲಿಗಟ್ಟಿದವು. ತೋಳನ್ನು ಹಿಂದಕ್ಕೆಳೆದುಕೊಳ್ಳಬೇಕೆಂಬ ಆಸೆ ಎಷ್ಟು ಜೋರಾಗಿ ಬಂತೆಂದರೆ ಅವಳಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು. ಅವಳು ಬಲಗೈಯಿಂದ ಎಡ ಮೊಣಕೈಯನ್ನು ಹಿಡಿದು ಮರಕ್ಕೆ ಒತ್ತಿದಳು.

ಆಮೇಲೆ ಹೊಲದ ಆಚೆ ದಂಡೆಯವರನ್ನು ಕರೆಯುವಂತೆ ದನಿ ಎತ್ತಿದಳು. ‘ಶೀತಲ್, ಬಲಗೈ ಎಲ್ಲೈತವ್ವ?’

‘ಹಿಂದ ಐತ್ರಿ. ಹೇಳಿಕೊಟ್ಟಂಗ.’ ದನಿ ಸಣ್ಣದಾಗಿತ್ತು.

‘ಶಾಣ್ಯಾಕಿ. ಎಡಗೈ?’

‘ಬಾಜೂ ಹಗ್ಗ ಹಿಡದೀನಿ. ಬಿಡಾಕ ಅಂಜಿಕಿ ಬರ್ತೈತಿ.’

‘ನನಗೂ ಅಂಜಿಕಿ ಐತಿ. ಹುಟ್ಟಿದಾಗಿಂದ ಐತಿ. ಅದು ಕೌಸರಂದು, ಆಕಿಗೆ ಬಿಟ್ಟ ಕೊಡು. ಒಂದೊಂದ ಬೆರಳ ಬಿಡು. ಹೆಬ್ಬೆರಳ ಮೊದಲ.’

ಬಂಡೆಯ ಕೆಳಗಿನಿಂದ ಏನೂ ಕೇಳಿಸಲಿಲ್ಲ. ಫಕ್ಕೀರವ್ವನಿಗೆ ತನ್ನ ಎದೆಯ ಬಡಿತ ಮರದೊಳಗಿನಿಂದ ಬಂದಂತೆ ಕೇಳುತ್ತಿತ್ತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಇರಲಿಲ್ಲ.

‘ಬಿಟ್ಟೆ,’ ಎಂದಳು ಶೀತಲ್.

ತೋಳು ಸಡಿಲಾಯಿತು. ಅವಳು ಅದನ್ನು ಹೊರಗೆ ತೆಗೆಯಲಿಲ್ಲ. ಹುಡುಗಿ ಉಳಿದ ಮೂವತ್ತು ಅಡಿ ಇಳಿಯುವವರೆಗೂ ಹಾಗೆಯೇ ಕೂತಿದ್ದಳು. ‘ಮುಟ್ಟಿದೆ’ ಎಂಬ ಕೂಗು, ಅದರ ಹಿಂದೆಯೇ ಚಪ್ಪಾಳೆ ಕೇಳಿದ ಮೇಲೆ ಕೌಸರಳೇ ಬಂದು ಆ ಕೈಯನ್ನು ಬಿಡಿಸಬೇಕಾಯಿತು. ಫಕ್ಕೀರವ್ವ ಬಿಟ್ಟ ತುದಿಯನ್ನು ಬಲಗೈಯಿಂದ ಒಮ್ಮೆ ಎಳೆದಳು. ಇಡೀ ಗಂಟು ಸದ್ದಿಲ್ಲದೆ ಬಿಚ್ಚಿ ಮರದ ಬುಡಕ್ಕೆ ಬಿತ್ತು. ಕೌಸರ ಅದನ್ನು ನೋಡುತ್ತ ನಿಂತಲ್ಲೇ ಕುಸಿದು ಕೂತಳು.

ಆ ದಿನ ಮತ್ತೆ ಯಾರೂ ಇಳಿಯಲಿಲ್ಲ. ಮೇಲೆ ಬಂದ ವೀರು ಎಲ್ಲವನ್ನೂ ಕೇಳಿ ಬಿಚ್ಚಿಬಿದ್ದ ಹಗ್ಗವನ್ನು ಕೈಗೆತ್ತಿಕೊಂಡ. ‘ನಾ ಮುಟ್ಟಿ ನೋಡ್ಲಿಲ್ಲ,’ ಎಂದ. ‘ಹೆಸರ ಅಷ್ಟ ಹೇಳಿದೆ.’ ಹಗ್ಗ ಸುತ್ತುತ್ತ, ‘ದೊಡ್ಡವ್ವ, ಇದು ನಮ್ಮ ನಮ್ಮೊಳಗ ಇರ್ಲಿ. ಹೊರಗ ಖಬರ ಹೋದ್ರ ಒಂದು ಹೆಣ್ಣುಹುಡುಗೀನೂ ಕಳಸಂಗಿಲ್ಲ’ ಎಂದ.

ಶೀತಲ್ ಅಲ್ಲಿಯವರೆಗೆ ನಗುತ್ತಲೇ ಇದ್ದವಳು. ವಿಷಯ ತಿಳಿದ ಮೇಲೆ ಅವಳ ಹಲ್ಲುಗಳು ಬಿಸಿಲಿನಲ್ಲೂ ಕಟಕಟ ಎಂದವು. ಟೆಂಪೋದಲ್ಲಿ ಫಕ್ಕೀರವ್ವನ ಪಕ್ಕಕ್ಕೆ ಬಂದು ಕೂತಳು.

‘ನಮ್ಮವ್ವಗ ಹೇಳಬ್ಯಾಡ್ರಿ. ನನ್ನ ಮನ್ಯಾಗ ಕುಂಡ್ರಸ್ತಾಳ.’

‘ಹೌದು, ಕುಂಡ್ರಸ್ತಾಳ.’

‘ಮತ್ತ?’

ಲಕ್ಷ್ಮೇಶ್ವರದ ಕ್ರಾಸಿನಲ್ಲಿ ಎಲ್ಲರೂ ಚಹಾಕ್ಕೆ ಇಳಿದಾಗ ಫಕ್ಕೀರವ್ವ ಟೆಂಪೋದಲ್ಲೇ ಉಳಿದಳು. ಹೇಳದಿದ್ದರೆ ಏನಾಗುತ್ತದೆಂದು ಯೋಚಿಸಿದಳು. ಮುಂದಿನ ತಿಂಗಳು ಸುನಿತಾ ಮತ್ತೆ ಕಿಟಕಿಗೆ ಬರುತ್ತಾಳೆ, ಮತ್ತೆ ಅದೇ ಮಾತು ಹೇಳುತ್ತಾಳೆ, ತಾನು ತಲೆಯಾಡಿಸಬೇಕು. ಬಂಡೆಯ ಅಂಚಿಗಿಂತ ಅದೇ ಅವಳಿಗೆ ಹೆಚ್ಚು ಭಯವೆನಿಸಿತು.

ಬೆಟಗೇರಿಯಲ್ಲಿ ಶೀತಲ್‌ಳ ಹಿಂದೆ ತಾನೂ ಇಳಿದಳು. ಹುಡುಗಿ ತಡೆಯಲು ನೋಡಿ, ಆಮೇಲೆ ಸುಮ್ಮನಾಗಿ ಬಾಗಿಲು ತೆರೆದಳು. ಸುನಿತಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

‘ಅಯ್ಯ, ದೊಡ್ಡವ್ವ ಬಂದಾರ. ಬರ್ರಿ ಒಳಗ, ಕುಂಡ್ರಿ. ಎಂದೂ ಬರಲಾರದಾಕಿ. ಚಾ ಇಡ್ತೀನಿ.’

‘ಚಾ ಬ್ಯಾಡವ್ವ.’

‘ಕೈಗೆ ಏನಾತ್ರಿ? ಇಷ್ಟ ಬಾತೈತಿ.’

ಹೊಸ್ತಿಲ ಹೊರಗೆ ನಿಂತೇ ಫಕ್ಕೀರವ್ವ ಊದಿದ ಕೈಯನ್ನು ಸೆರಗಿನೊಳಗೆ ಮರೆಮಾಡಿಕೊಂಡಳು. ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

‘ನೀ ಮೊದಲ ಕುಂಡ್ರು, ಸುನಿತಾ,’ ಎಂದಳು. ‘ನೀ ನನ್ನ ಕೈಯಾಗ ಕೊಟ್ಟ ಮಗಳನ್ನ ಇವತ್ತ ನಾನ ಕಳಕೊಳ್ಳಾಕ ಹತ್ತಿದ್ದೆ. ಹೆಂಗ ಅಂತ ಹೇಳತೀನಿ, ಪೂರಾ ಕೇಳು. ಆಮ್ಯಾಲ ಆಕಿನ್ನ ಕಳಸೂದೋ ಬಿಡೂದೋ ನೀ ಹೇಳು.’

ಸುನಿತಾ ಮಗಳ ಮುಖವನ್ನೊಮ್ಮೆ ನೋಡಿ, ಅಲ್ಲೇ ನೆಲದ ಮೇಲೆ ಕೂತಳು.