ದೀಪ ದೊಡ್ಡದು ಮಾಡಿದ ಮೇಡಂ

ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಕನ್ನಡವನ್ನು ಶ್ರದ್ಧೆಯಿಂದ ಕಲಿಸಿದ ಗುರುಗಳು ಹಲವರಿದ್ದಾರೆ. ಪದ್ಯಕ್ಕೆ ವೈರು ಜೋಡಿಸಿ ಕಲಿಸಿದವರು, ನಾನು ಬಲ್ಲಂತೆ, ಶ್ರೀಮತಿ ದಾಕ್ಷಾಯಣಿ ಮೇಡಂ ಒಬ್ಬರೇ.

೧೯೯೧ರಲ್ಲಿ ಗುಬ್ಬಿಯ ನಮ್ಮ ಪ್ರೌಢಶಾಲೆಗೆ ಬಂದ ಅವರು, ತುಮಕೂರಿನ ಬಟವಾಡಿಯ ಮನೆಯಿಂದ ನಿತ್ಯ ಬಸ್ಸಿನಲ್ಲಿ ನಿಂತೇ ಬಂದರೂ, ತರಗತಿಯಲ್ಲಿ ಎಂದೂ ಅವಸರಪಟ್ಟವರಲ್ಲ. ನನಗೆ ಉಗ್ಗು. ನಾನು ತಡವರಿಸಿದರೆ ಉಳಿದವರೆಲ್ಲ ಕನಿಕರದಿಂದ ನನ್ನ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಮೇಡಂ ಮಾತ್ರ ಕಾಯುತ್ತಿದ್ದರು.

೧೯೯೮ರಲ್ಲಿ ತುಮಕೂರಿನ ವಸ್ತುಪ್ರದರ್ಶನಕ್ಕೆ, ಅಜ್ಜಿಮನೆಯ ಬಗ್ಗೆ ನಾನು ಬರೆದಿದ್ದ ಪದ್ಯವನ್ನೇ ಅವರು ಆಯ್ದುಕೊಂಡರು. ಅದನ್ನು ಓದಲಾರೆನೆಂದು ನಾನು ಅತ್ತಾಗ, ವಿಜ್ಞಾನದ ಮಹಾಲಿಂಗಯ್ಯ ಮೇಷ್ಟರೊಡನೆ ಕೂತು ಉಪಾಯ ಹೂಡಿದರು. ನಾವು ಪ್ಲೈವುಡ್ಡಿನ ಮೇಲೆ ಮನೆಯ ಚಿತ್ರ ಬರೆದೆವು. ಹೊಸ್ತಿಲನ್ನೋ ಒಲೆಯನ್ನೋ ಮುಟ್ಟಿದರೆ ಹಿಂದಿನ ಬಲ್ಬು ಹೊತ್ತಿ, ತೆಳುಕಾಗದದಲ್ಲಿ ಪದ್ಯದ ಒಂದು ಸಾಲು ಮೂಡುತ್ತಿತ್ತು. ಎಲ್ಲ ಬಲ್ಬುಗಳನ್ನೂ ನಂದಿಸುವ ಗುಂಡಿಯ ಕೆಳಗೆ ಮೇಷ್ಟರು ‘ದೀಪ ಆರಿಸಿ’ ಎಂದು ಬರೆದಿದ್ದರು.

“ಮನೇಲಿ ಯಾರಾದ್ರೂ ದೀಪ ಆರಿಸು ಅಂತಾರಾ ಸಾರ್? ಅಪಶಕುನ. ದೊಡ್ಡದು ಮಾಡಿ ಅಂತ ಬರೀರಿ,” ಎಂದರು ಮೇಡಂ. ಮೇಷ್ಟರು ಗೊಣಗುತ್ತಲೇ ತಿದ್ದಿದರು.

ಎಡವಟ್ಟಾದದ್ದು ಅಲ್ಲೇ. ಪ್ರದರ್ಶನದ ದಿನ ತೀರ್ಪುಗಾರರೊಬ್ಬರು ಒಂದು ಸಾಲು ಓದಿ, ಬೆಳಕು ಹೆಚ್ಚುತ್ತದೆಂದು ಆ ಗುಂಡಿಯನ್ನು ಒತ್ತಿದರು. ಮನೆ ಕತ್ತಲಾಯಿತು. ಇದು ಕೆಟ್ಟಿದೆಯೆಂದು ಅವರು ಪಕ್ಕದ ಮೇಜಿಗೆ ಹೊರಟೇಬಿಟ್ಟರು. ನನ್ನ ಪದ್ಯವನ್ನು ಇನ್ನು ಯಾರೂ ಓದುವುದಿಲ್ಲವೆಂದು ನನ್ನ ಎದೆ ಒಡೆಯಿತು. ಮೇಷ್ಟರು ಬಾಯಿ ತೆರೆದರು. ಮೇಡಂ ಕೈಸನ್ನೆಯಿಂದ ಅವರನ್ನು ತಡೆದು, ನನ್ನತ್ತ ನೋಡುತ್ತಾ ಕಾದರು.

“ಕೆ… ಕೆಟ್ಟಿಲ್ಲ ಸಾರ್. ದೀಪ ದೊ… ದೊಡ್ಡದಾಗೈತೆ. ಮುಟ್ಟಿ, ಮತ್ತೆ ಹತ್ತುತ್ತೆ.”

ತೀರ್ಪುಗಾರರು ನಿಂತರು. ತಮ್ಮ ತಾಯಿಯೂ ಹಾಗೇ ಅನ್ನುತ್ತಿದ್ದರೆಂದು ನಕ್ಕು, ಹಿಂತಿರುಗಿ ಬಂದು, ಒಂದೊಂದನ್ನೇ ಮುಟ್ಟುತ್ತಾ ಇಡೀ ಪದ್ಯ ಓದಿದರು. ಬಹುಮಾನ ಮಾತ್ರ ಕೊಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಮುಂದೆ ಕುಣಿಗಲ್ಲಿಗೆ ವರ್ಗವಾದ ಮೇಡಂ, ಅಲ್ಲಿಯ ಮಕ್ಕಳ ಕೈಗೂ ಪದ್ಯವನ್ನೂ ವೈರನ್ನೂ ಒಟ್ಟಿಗೇ ಕೊಟ್ಟರು. ನಾನೂ ಈಗ ಕನ್ನಡ ಕಲಿಸುತ್ತೇನೆ. ಉಗ್ಗುತ್ತಲೇ ಕಲಿಸುತ್ತೇನೆ, ಮಕ್ಕಳು ಕಾಯುತ್ತಾರೆ.

ಇದೇ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅವರ ಆಯುಸ್ಸು ಬೆಳೆಯಲಿ, ಬಟವಾಡಿಯ ಅವರ ಜಗಲಿಯಲ್ಲಿ ಇನ್ನಷ್ಟು ಮಕ್ಕಳ ಪದ್ಯಗಳು ಬೆಳಗಲಿ. ಅವರ ಸೇವೆ ಮುಗಿಯಿತೆಂದು ಬೀಳ್ಕೊಡುಗೆ ಸಮಾರಂಭದಲ್ಲಿ ಯಾರಾದರೂ ಅಂದರೆ ನಾನು ಎದ್ದು ನಿಲ್ಲುವವಳೇ. ಮುಗಿದಿಲ್ಲ, ದೊಡ್ಡದಾಗಿದೆ ಎಂದು ಹೇಳುತ್ತೇನೆ. ಹೇಳುವುದು ಕೊಂಚ ತಡವಾದರೆ, ದಯವಿಟ್ಟು ಕಾಯಿರಿ.