ಕಡಾಯಿಯ ಒಗಟು, ಅತ್ತೆಯ ರೊಟ್ಟಿ

ಗೆಳೆಯರೇ, ನಮ್ಮ ಓದಿನ ಗ್ರೂಪಿನಲ್ಲಿ ಇದನ್ನು ಬರೆಯುತ್ತಿರುವುದಕ್ಕೆ ಕ್ಷಮಿಸಿ. ಸಿಂಧನೂರಿನ ಈ ಹೊಸ ಹಾಸ್ಟೆಲ್ಲಿನಲ್ಲಿ ಹೇಳಿಕೊಳ್ಳಲು ನನಗೆ ಯಾರೂ ಇಲ್ಲ.

ಇಂದು ಮಧ್ಯಾಹ್ನ ಮಸ್ಕಿಯಲ್ಲಿ ರೂಮ್‌ಮೇಟ್ ಮಹಾಂತೇಶನ ಮನೆಯಲ್ಲಿ ಊಟ. ಅವನ ಸೋದರತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಮಸ್ಕಾರ ಅಂದೆ, ನಕ್ಕರು, ಮಾತಾಡಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡೆ. ಅವನ ಪುಟ್ಟ ತಂಗಿ ಒಗಟು ಹೇಳೆಂದು ಗಂಟುಬಿದ್ದಳು. ಒಲೆಯ ಮೇಲಿದ್ದ, ಕಿವಿಯಂಥ ಎರಡು ಹಿಡಿಕೆಯ ಕಡಾಯಿ ನೋಡಿ ನಾನೇ ಒಂದು ಕಟ್ಟಿದೆ.

“ಎರಡು ಕಿವಿ ಅದಾವ, ಕರದ್ರ ಕೇಳಂಗಿಲ್ಲ. ಒಲಿ ಬಿಟ್ಟು ಏಳಂಗಿಲ್ಲ. ಯಾರು?”

“ನಮ್ಮತ್ತಿ!” ಹುಡುಗಿ ಚಪ್ಪಾಳೆ ತಟ್ಟಿದಳು.

ಯಾರೂ ನಗಲಿಲ್ಲ. ಅತ್ತೆಗೆ ಕಿವಿ ಕೇಳುವುದಿಲ್ಲವೆಂದು ನನಗೆ ತಿಳಿದದ್ದೇ ಆಗ. ಎಲ್ಲರೂ ತಮ್ಮ ಕಡೆ ನೋಡಿದ್ದು ಕಂಡು ಅವರು ಏನೆಂದು ಕೈ ತಿರುಗಿಸಿ ಕೇಳಿದರು. ಮಹಾಂತೇಶ ನನ್ನನ್ನು ತೋರಿಸಿ, ಬೆರಳು ಬಾಯಿಗೆ ಮುಟ್ಟಿಸಿ, ಪಲ್ಯ ಬಹಳ ರುಚಿಯಾಗಿದೆಯಂತೆ ಎಂದು ಕೈಸನ್ನೆ ಮಾಡಿದ. ಅತ್ತೆಯ ಮುಖ ಅರಳಿತು. ನನ್ನ ತಾಟಿಗೆ ಬಿಸಿ ರೊಟ್ಟಿ ಬಿತ್ತು, ಬೇಡವೆಂದರೂ ಮತ್ತೆ ಪಲ್ಯ ಬಿತ್ತು. ತಲೆ ಎತ್ತದೆ ತಿಂದೆ.

ಬಸ್ಸಿನಲ್ಲಿ, “ನಾ ಕಡಾಯಿಗೆ ಅಂದಿದ್ದೆ ಲೇ,” ಅಂದೆ.

“ಗೊತ್ತೈತಿ ಬಿಡಲೇ. ಮುಂದಿನ ರವಿವಾರನೂ ನಿನ್ನ ಕರ್ಕೊಂಡು ಬಾ ಅಂತ ಅತ್ತಿ ಕೈ ಮಾಡಿ ಹೇಳ್ಯಾಳ,” ಅಂದವನು ಕಿಟಕಿಯ ಕಡೆ ಮುಖ ತಿರುಗಿಸಿದ.

ಸಾರಿ ಅನ್ನುವುದು ನನ್ನ ಬಾಯಿಗೆ ಬಹಳ ಸಲೀಸು. ಅದನ್ನು ಕೈಯಿಂದ ಹೇಳುವುದು ಹೇಗೆ? ಗೊತ್ತಿದ್ದವರು ರವಿವಾರದೊಳಗೆ ಉತ್ತರ ಬರೆಯಿರಿ.