ಸೀಟು ಪರಮೇಶಪ್ಪ

ಪರಮೇಶಪ್ಪ ಯಾರ ಮನೆಗೆ ಹೋದರೂ ಕೂರುವ ಮೊದಲು ಕರವಸ್ತ್ರ ತೆಗೆದು ಕುರ್ಚಿ ಒರೆಸುತ್ತಿದ್ದ. ನಮ್ಮ ಮನೆಗೆ ಬಂದಾಗಲೂ ಒರೆಸಿದ. ಅವ್ವ ಆಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದ ಕುರ್ಚಿ ಅದು. ಬಿಳಿ ಪ್ಯಾಂಟು, ಮೂಗಿಗೆ ಹೊಡೆಯುವ ಸೆಂಟು, ಜೇಬಿನ ತುಂಬ ಪೆನ್ನು. ಆ ಪೆನ್ನುಗಳಲ್ಲಿ ಆತ ಏನನ್ನಾದರೂ ಬರೆದದ್ದನ್ನು ನಾನು ನೋಡಿಲ್ಲ. ಸಹಿ ಹಾಕಲು ಬೇರೆಯವರಿಗೆ ಕೊಡುತ್ತಿದ್ದ. ಅಪ್ಪ ಇವತ್ತಿಗೂ ಆತನನ್ನು ‘ಅವರು’ ಎನ್ನುತ್ತಾರೆ. ನನಗೆ ಆ ಬಹುವಚನ ಬಾಯಿಗೆ ಬರುವುದಿಲ್ಲ.

ಹುಡುಗರನ್ನು ದೂರದ ಖಾಸಗಿ ಕಾಲೇಜುಗಳಿಗೆ ಸೇರಿಸಿ, ತಲೆಗಿಷ್ಟು ಎಂದು ಕಮಿಷನ್ ಪಡೆಯುವುದು ಆತನ ಕಸುಬು. ಪಿಯುಸಿ ಫಲಿತಾಂಶ ಬಂತೆಂದರೆ ಹೊನ್ನಾಳಿ, ಚನ್ನಗಿರಿ, ಜಗಳೂರು ಎಲ್ಲ ಕಡೆ ಆತನ ಬೈಕು ಸುತ್ತುತ್ತಿತ್ತು. ಜನ ‘ಸೀಟು ಪರಮೇಶಪ್ಪ’ ಎನ್ನುತ್ತಿದ್ದರು. ಆತ ಮಾತ್ರ ತನ್ನನ್ನು ‘ಶಿಕ್ಷಣ ಸಲಹೆಗಾರ’ ಎಂದು ಕರೆದುಕೊಳ್ಳುತ್ತಿದ್ದ.

ಅಪ್ಪನದು ನ್ಯಾಮತಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ನನ್ನನ್ನು ಐಟಿ ಇಂಜಿನಿಯರಿಂಗ್‌ಗೆ ಸೇರಿಸಲು ಆರು ಲಕ್ಷ ಬ್ಯಾಂಕ್ ಸಾಲ ಮಾಡಬೇಕು ಎಂದು ಆತ ಹೇಳಿದಾಗ ಅಪ್ಪ ಅಳುಕುತ್ತಲೇ ಕೇಳಿದರು:

“ಅಲ್ಲ ಸಾರ್, ಓದು ಮುಗಿದ ಮ್ಯಾಲೆ ಕೆಲಸ ಸಿಗದಿದ್ರೆ ಹೆಂಗೆ?”

ಪರಮೇಶಪ್ಪ ನಕ್ಕ. “ಐಟಿ ಮಾಡಿದೋರಿಗೆ ಕೆಲಸ ಸಿಗಂಗಿಲ್ಲ ಅಂದ್ರೆ ಇನ್ಯಾರಿಗೆ ಸಿಗ್ತೈತ್ರೀ? ಸಾಲ ಅನ್ಬ್ಯಾಡ್ರಿ ಅದಕ್ಕೆ, ಬ್ಯಾಂಕಿನ ಸಪೋರ್ಟು ಅನ್ರಿ. ಎರಡು ವರ್ಷದ ಸಂಬಳದಾಗೆ ತೀರಿಸಿ ಬಿಸಾಕ್ತಾಳೆ ನಿಮ್ ಹುಡುಗಿ.”

ಅಪ್ಪ ಸಹಿ ಹಾಕಿದರು. ಪೆನ್ನು ಆತನದೇ.

ಕಾಲೇಜಿನ ಲ್ಯಾಬಿನಲ್ಲಿ ಒಂದೊಂದು ಕಂಪ್ಯೂಟರಿನ ಮುಂದೆ ನಾವು ಮೂವರು ಕೂರುತ್ತಿದ್ದೆವು. ಕೆಲಸ ಕೊಡಲು ಬರುತ್ತವೆ ಎಂದಿದ್ದ ಕಂಪನಿಗಳು ಬರಲಿಲ್ಲ. ಪರಮೇಶಪ್ಪನಿಗೆ ಫೋನ್ ಮಾಡಿದರೆ, “ಮಾರ್ಕೆಟ್ ಡೌನ್ ಐತಮ್ಮ, ಪಾಸಿಟಿವ್ ಆಗಿರು” ಎನ್ನುತ್ತಿದ್ದ. ಆಮೇಲೆ ಅದೂ ಇಲ್ಲ. ನನ್ನ ನಂಬರನ್ನು ಬ್ಲಾಕ್ ಮಾಡಿದ. ಕೊನೆಗೆ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಬಿಲ್ಲು ಹಾಕುವ ಕೆಲಸ ಸಿಕ್ಕಿತು. ಸಂಬಳ ಹದಿನಾರು ಸಾವಿರ. ಬಡ್ಡಿ ಬೆಳೆದು ಸಾಲದ ಕಂತು ಹನ್ನೊಂದು ಸಾವಿರಕ್ಕೆ ಬಂದು ನಿಂತಿತ್ತು. ಉಳಿದದ್ದರಲ್ಲಿ ಪಿ.ಜಿ. ಬಾಡಿಗೆ ಕೊಟ್ಟರೆ ಬಸ್ ಚಾರ್ಜಿಗೆ ಅಪ್ಪನನ್ನೇ ಕೇಳಬೇಕು.

ಹೀಗಿರುವಾಗ ಒಂದು ದಿನ ಬಿಳಿಚೋಡಿನಿಂದ ಚಿಕ್ಕಮ್ಮನ ಫೋನು. “ಸುಮಾ, ಹೊನ್ನಾಳಿ ಬಸ್‌ಸ್ಟ್ಯಾಂಡಿನಾಗೆ ನಿನ್ ಫೋಟೋ ಹಾಕ್ಯಾರೆ ಕಣೇ! ವರ್ಷಕ್ಕೆ ಎಂಟು ಲಕ್ಷ ಸಂಬಳ ಅಂತ ಬರದೈತೆ. ನೀನು ಒಂದು ಮಾತೂ ಹೇಳ್ಲಿಲ್ಲ. ಅದನ್ನ ನೋಡೇ ನಾವೂ ಧೈರ್ಯ ಮಾಡಿದ್ವಿ. ನಮ್ ಕಾವ್ಯನ್ನೂ ನಿನ್ ಕಾಲೇಜಿಗೇ ಸೇರಿಸ್ತೀವಿ. ಭಾನುವಾರ ಚನ್ನಗಿರಿನಾಗೆ ಪರಮೇಶಪ್ಪೋರ ಮೀಟಿಂಗ್ ಐತೆ.”

ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಮುಳುಗಿಸಿದ ಸೀಟನ್ನೇ ಆತ ನನ್ನ ಮುಖ ಅಂಟಿಸಿ ಮಾರುತ್ತಿದ್ದ.

ಚಿಕ್ಕಮ್ಮನೊಬ್ಬಳಿಗೇ ಫೋನಿನಲ್ಲಿ ಹೇಳಿದರೆ ಸಾಲದು ಎನಿಸಿ ಭಾನುವಾರ ಚನ್ನಗಿರಿಗೆ ಹೋದೆ. ಕಲ್ಯಾಣ ಮಂಟಪ ತುಂಬಿತ್ತು. ಹಿಂದೆ ಉಪ್ಪಿಟ್ಟು, ಕೇಸರಿಬಾತಿನ ವಾಸನೆ. ನನ್ನನ್ನು ಕಂಡು ಪರಮೇಶಪ್ಪ ಒಂದು ಚಣ ತಬ್ಬಿಬ್ಬಾದವನು, ಮರುಚಣವೇ ಹಲ್ಲು ಬಿಟ್ಟ. ಇಂಥವರಿಗೆ ನಾಚಿಕೆ ಬರುವುದು ತಡ, ಆಸೆ ಬರುವುದು ಬೇಗ. “ಫೋಟೋದಾಗೆ ನೋಡಿದ್ರಲ್ಲ, ಆ ಹುಡುಗೀನೇ ಬಂದೈತೆ! ಬಾರಮ್ಮ, ಎಲ್ಡು ಮಾತಾಡು” ಎಂದು ಮೈಕು ಕೈಗಿಟ್ಟ.

“ನಂಗೆ ಎಂಟು ಲಕ್ಷ ಬರಲ್ಲ” ಎಂದೆ. “ತಿಂಗಳಿಗೆ ಹದಿನಾರು ಸಾವಿರ. ಹನ್ನೊಂದು ಸಾಲಕ್ಕೆ ಹೋಗ್ತೈತೆ. ಇವ್ರು ಹೇಳೋ ಸಂಬಳಾನ ನಂಬಿ ಸಹಿ ಹಾಕಬ್ಯಾಡ್ರಿ. ಓದಿ ಬಂದೋರ ಮನೆಗೆ ಹೋಗಿ ಕೇಳ್ರಿ.”

ಆತ ಮೈಕು ಕಿತ್ತುಕೊಂಡ. “ತಮಾಷೆ ಮಾಡಾಕತ್ತಾಳೆ, ಕೂತ್ಕೊಳ್ರಿ, ಕೂತ್ಕೊಳ್ರಿ!” ಚಿಕ್ಕಮ್ಮ ಕಾವ್ಯಳ ಕೈ ಹಿಡಿದು ಎದ್ದಳು. ಹಿಂದೆಯೇ ಒಂದಷ್ಟು ಜನ ಎದ್ದರು. ಉಳಿದವರು ಕೂತೇ ಇದ್ದರು. ಪಕ್ಕದಲ್ಲಿದ್ದ ಒಬ್ಬರು, “ನಿನಗೆ ಬುದ್ಧಿ ಸಾಲದೆ ಕೆಲಸ ಸಿಕ್ಕಿರಾಕಿಲ್ಲ ಬಿಡಮ್ಮ” ಎಂದು ಮುಖ ತಿರುಗಿಸಿದರು. ಅವರ ಮಗಳನ್ನು ಅವತ್ತೇ ಸೇರಿಸಿದರಂತೆ.

ಕಾವ್ಯ ಈಗ ದಾವಣಗೆರೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ನನ್ನ ಸಂಬಳ ಚೂರು ಏರಿದೆ, ಕಂತು ಇನ್ನೂ ಇದೆ.

ಪರಮೇಶಪ್ಪನನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ, ಜಗಳೂರು ಬಸ್ ನಿಲ್ದಾಣದಲ್ಲಿ. ಪಕ್ಕದಲ್ಲಿ ಬ್ಯಾಗು ಹಿಡಿದ ಹುಡುಗಿಯೊಬ್ಬಳಿದ್ದಳು. ತಾನಾಗಿಯೇ ಹತ್ತಿರ ಬಂದ. “ಅವತ್ತು ನೀನು ದುಡುಕಿದೆ ಕಣಮ್ಮ. ಇರ್ಲಿ ಬಿಡು, ನಾನು ಮನಸ್ಸಿಗೆ ಹಚ್ಕಂಡಿಲ್ಲ” ಎಂದ. ಆತ ನನ್ನನ್ನು ಕ್ಷಮಿಸಿದ್ದ!

“ಇವ್ಳು ನನ್ನ ಮಗಳು. ಸರ್ಕಾರಿ ನರ್ಸಿಂಗ್ ಕಾಲೇಜಿನಾಗೆ ಸೀಟು ಸಿಕ್ತು. ಬಿಟ್ಟು ಬರಾಕೆ ಹೊಂಟೀನಿ.”

“ನಿಮ್ದೇ ಕಾಲೇಜಿನಾಗೆ ಐಟಿ ಕೊಡಿಸ್ಬೋದಿತ್ತಲ್ಲ ಸಾರ್?”

“ಅಯ್ಯೋ, ಆರು ಲಕ್ಷ ಹಾಕಿದ್ರೆ ವಾಪಸ್ ಬರ್ಬೇಕಲ್ಲಮ್ಮ?”

ವ್ಯಂಗ್ಯವಿರಲಿಲ್ಲ, ಅಳುಕಿರಲಿಲ್ಲ. ಯಾರಾದರೂ ಕೇಳಿಸಿಕೊಂಡಾರು ಎಂದು ದನಿ ಕೂಡ ತಗ್ಗಿಸಲಿಲ್ಲ. ಮಗಳು ಮಾತ್ರ ತಲೆ ತಗ್ಗಿಸಿದಳು. ಅವಳಿಗೆ ಚೆನ್ನಾಗಿ ಓದು ಎಂದು ಹೇಳಿ, ಆತನ ಕಡೆ ತಿರುಗಿಯೂ ನೋಡದೆ ನನ್ನ ಬಸ್ ಹತ್ತಿದೆ.